ಶಾಲೆಗೆ ಹೋಗುವ ಮಕ್ಕಳಿಂದಲೇ ಮನೆಮಂದಿಗೆ ಫ್ಲೂ ಹರಡುತ್ತದೆಯೇ?

ಫ್ಲೂ ಮಟ್ಟಿಗೆ ಬಹುಪಾಲು ಹೌದು. ಆರೋಗ್ಯವಂತ ವಯಸ್ಕರು ಸಾಮಾನ್ಯವಾಗಿ 5ರಿಂದ 7 ದಿನ ಇತರರಿಗೆ ಅಂಟುವಂತೆ ಕೆಮ್ಮು, ಸೀನಿನಲ್ಲಿ ವೈರಾಣುವನ್ನು ಹೊರಹಾಕಿದರೆ, ಹಿಂದಿನ ಸೋಂಕುಗಳಿಂದ ರೋಗನಿರೋಧಕ ಶಕ್ತಿ ಇನ್ನೂ ಬೆಳೆದಿರದ ಚಿಕ್ಕ ಮಕ್ಕಳು 10 ದಿನಕ್ಕೂ ಹೆಚ್ಚು ಕಾಲ ಹೊರಹಾಕಬಲ್ಲರು. ಬೆಂಗಳೂರಿನಲ್ಲಿ ಶಾಲೆ ತೆರೆಯುವುದೂ ಮಳೆಗಾಲದ ಹೊಸ್ತಿಲಲ್ಲೇ ಆದ್ದರಿಂದ, ಮಳೆಗೆಂದು ಕಿಟಕಿ ಮುಚ್ಚಿದ ವ್ಯಾನಿನಲ್ಲಿ ಒತ್ತೊತ್ತಾಗಿ ಕುಳಿತು, ಮೂಗೊರೆಸಿಕೊಂಡ ಕೈಯಲ್ಲೇ ಚಕ್ಕುಲಿ ಹಂಚಿಕೊಳ್ಳುವ ಮಕ್ಕಳ ನಡುವೆ ಅದು ಸಲೀಸಾಗಿ ಹಬ್ಬುತ್ತದೆ. ಕೋವಿಡ್ ಹಾಗಿರಲಿಲ್ಲ: 2020ರಲ್ಲಿ ಸೋಂಕನ್ನು ಮನೆಗೆ ತಂದವರು ಹೆಚ್ಚಾಗಿ ದೊಡ್ಡವರೇ, ಆದರೆ ಆಗ ಶಾಲೆಗಳೂ ಮುಚ್ಚಿದ್ದವು ಎಂಬುದನ್ನು ಮರೆಯುವಂತಿಲ್ಲ. ಮಕ್ಕಳನ್ನು ದೂರುವುದು ನನಗೆ ಸರಿ ಕಾಣುವುದಿಲ್ಲ. ಹಾಜರಾತಿಗೆಂದು ಜ್ವರದ ಮಗುವನ್ನು ಶಾಲೆಗೆ ಕಳಿಸುವವರು ನಾವೇ. ಮನೆಯಲ್ಲಿ ವಯಸ್ಸಾದವರೋ ಹಸುಗೂಸೋ ಇದ್ದರೆ, 6 ತಿಂಗಳು ದಾಟಿದ ಎಲ್ಲರಿಗೂ ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸುವ ಬಗ್ಗೆ ವೈದ್ಯರನ್ನು ದಯವಿಟ್ಟು ಕೇಳಿ.