ನಾಪಾ ಬಿಟ್ಟು ಸಿಯೆರಾ ತಪ್ಪಲಿನ ರೋನ್ ವೈನರಿಗೆ ಹೋಗಬಹುದಾ?

ನಿಮ್ಮ ಪ್ರಶ್ನೆ ಇದು: ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಫೋಲ್ಸಮ್‌ನ ಅಕ್ಕನ ಮನೆಗೆ ಬರುತ್ತಿದ್ದೀರಿ. ವೈನ್ ತೋಟ ನೋಡೋಕೆ ಇರೋದು ಒಂದೇ ದಿನ. ಎಲ್ಲರೂ ಹೆಸರಾದ ವೈನ್ ಕಣಿವೆ ನಾಪಾ ಅನ್ನುತ್ತಾರೆ. ನಿಮ್ಮ ಭಾವ ಮಾತ್ರ ಸಿಯೆರಾ ನೆವಾಡಾ ಬೆಟ್ಟಗಳ ತಪ್ಪಲಿನ ಪ್ಲಾಸರ್‌ವಿಲ್ ಕಡೆ ಒಂದು ಕುಟುಂಬದವರೇ ನಡೆಸುವ ವೈನರಿ ಇದೆ, ಬರೀ ರೋನ್ ತಳಿಗಳು (ಫ್ರಾನ್ಸಿನ ರೋನ್ ಕಣಿವೆಯ ದ್ರಾಕ್ಷಿಗಳು), ಅಲ್ಲಿಗೇ ಹೋಗೋಣ ಅನ್ನುತ್ತಿದ್ದಾರೆ. ನಂದಿ ಬೆಟ್ಟದ ಹತ್ತಿರದ ವೈನರಿ ಆಗಲೇ ನೋಡಿದ್ದೀರಿ, ಹಾಗಿರುವಾಗ ಅಲ್ಲಿ ಹೊಸದೇನು ಸಿಗುತ್ತೆ ಅಂತ ಕೇಳಿದ್ದೀರಿ.

ಭಾವನ ಮಾತು ಕೇಳಿ. ನಾನೂ ಫೋಲ್ಸಮ್‌ನಲ್ಲೇ ಇರುವವನು. ಸುಗ್ಗಿ ಕಾಲದಲ್ಲಿ ಆ ಕಡೆಯ ಒಂದು ಸಣ್ಣ ವೈನರಿಯಲ್ಲಿ ವಾರಾಂತ್ಯದ ಕೆಲಸ ಮಾಡುತ್ತೇನೆ. ನಾಪಾ ಚೆನ್ನಾಗಿಯೇ ಇದೆ, ಅದರ ಕ್ಯಾಬರ್ನೆ ಸೊವಿನ್ಯೊನ್ ದ್ರಾಕ್ಷಿಯ ವೈನ್‌ಗೆ ಬಂದ ಹೆಸರು ಸುಮ್ನೆ ಬಂದದ್ದಲ್ಲ. ಆದರೆ ಅಲ್ಲಿ ದಿನವಿಡೀ ಟ್ರಾಫಿಕ್, ರುಚಿ ನೋಡೋಕೇ ಜಾಸ್ತಿ ದುಡ್ಡು. ತಪ್ಪಲಿನ ಸಣ್ಣ ವೈನರಿಗಳಲ್ಲಿ ಎಷ್ಟೋ ಸಲ ನಿಮ್ಮ ಲೋಟಕ್ಕೆ ವೈನ್ ಬಗ್ಗಿಸುವವರೇ ಚಳಿಗಾಲದಲ್ಲಿ ಬಳ್ಳಿ ಕತ್ತರಿಸಿದವರು. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅದು ಮೂರ್ವೆದ್ರ್ ಅನ್ನುವ ದ್ರಾಕ್ಷಿ.

ಮೊದಲು ರೋನ್ ವಿಷಯ. ಅದೊಂದು ನದಿ. ಸ್ವಿಸ್ ಆಲ್ಪ್ಸ್‌ನಲ್ಲಿ ಹುಟ್ಟಿ, ಫ್ರಾನ್ಸಿನ ಆಗ್ನೇಯ ಭಾಗದಲ್ಲಿ ಹರಿದು ಮೆಡಿಟರೇನಿಯನ್ ಸಮುದ್ರ ಸೇರುತ್ತದೆ. ಆ ಕಣಿವೆಯ ಉತ್ತರ ಭಾಗದ ಕಡಿದಾದ ಇಳಿಜಾರುಗಳಲ್ಲಿ ಕೆಂಪು ವೈನ್ ಅಂದರೆ ಸಿರಾ. ನೀವು ನಂದಿಯಲ್ಲಿ ಶಿರಾಜ್ ಅಂತ ಕುಡಿದಿದ್ದರೆ ಅದೇ ತಳಿ. ಬಿಳಿ ವೈನ್‌ಗೆ ವಿಯೊನ್ಯೇ, ಮಾರ್ಸಾನ್, ರೂಸಾನ್. ದಕ್ಷಿಣಕ್ಕೆ ಇಳಿದರೆ ಬಿಸಿಲು ಹೆಚ್ಚು, ತಳಿಗಳೂ ಹೆಚ್ಚು. ಅಲ್ಲಿ ಒಂದೇ ದ್ರಾಕ್ಷಿಯಿಂದ ವೈನ್ ಮಾಡುವುದು ಕಡಿಮೆ. ಗ್ರೆನಾಶ್, ಸಿರಾ, ಮೂರ್ವೆದ್ರ್, ಸಾಂಸೊ, ಕೂನ್ವಾಜ್ ಹೀಗೆ ಹಲವನ್ನು ಬೆರೆಸುತ್ತಾರೆ. ಶಾತೊನೆಫ್-ದು-ಪಾಪ್ ಅನ್ನುವ ಪ್ರಸಿದ್ಧ ಊರಿನ ನಿಯಮದಲ್ಲಿ 13 ತಳಿಗಳಿಗೆ ಅವಕಾಶ ಇದೆ, ಬಣ್ಣದ ಭೇದಗಳನ್ನೂ ಬೇರೆ ಬೇರೆ ಎಣಿಸಿದರೆ 18.

ಇವು ಸಿಯೆರಾ ತಪ್ಪಲಿಗೆ ಹೇಗೆ ಬಂದವು ಅನ್ನೋದನ್ನು ಬೇಗ ಹೇಳಿಬಿಡುತ್ತೇನೆ. 1848ರಲ್ಲಿ ಕೊಲೋಮಾದಲ್ಲಿ ಚಿನ್ನ ಸಿಕ್ಕಿತು. ಅದರ ಹಿಂದೆ ಬಂದ ಜನ ಬಳ್ಳಿಯನ್ನೂ ನೆಟ್ಟರು. ಚಿನ್ನ ಖಾಲಿಯಾಯಿತು, ಜನ ಚದುರಿದರು, 1920ರಿಂದ 1933ರವರೆಗಿನ ಪಾನನಿಷೇಧ ಉಳಿದದ್ದನ್ನೂ ಮುಗಿಸಿತು. ಕೊಲೋಮಾ, ಪ್ಲಾಸರ್‌ವಿಲ್ ಎರಡೂ ಇರುವ ಎಲ್ ಡೊರಾಡೊ ಕೌಂಟಿಯ ರೈತರು ಪೇರ್ ಹಣ್ಣಿಗೆ ತಿರುಗಿದರು. ಆ ಮರಗಳಿಗೂ ರೋಗ ಬಂದಾಗ ಕೆಲವರು ಸೇಬಿಗೆ ಹೋದರು, ಕೆಲವರು ಮತ್ತೆ ದ್ರಾಕ್ಷಿ ಹಾಕಿ ನೋಡಿದರು. 1970ರ ದಶಕದಿಂದ ವೈನರಿಗಳು ಮತ್ತೆ ತಲೆಯೆತ್ತಿದವು. ಸಿಯೆರಾ ಫುಟ್‌ಹಿಲ್ಸ್ ಅನ್ನುವ ವೈನ್ ಪ್ರದೇಶ ಅಂತ ಅಧಿಕೃತ ಗುರುತು ಸಿಕ್ಕಿದ್ದು 1987ರಲ್ಲಿ. ಇಡೀ ಪ್ರದೇಶದ ಹೆಸರು ಮಾತ್ರ ಜಿನ್‌ಫಂಡೆಲ್ ದ್ರಾಕ್ಷಿಗೆ ಅಂಟಿಕೊಂಡಿತ್ತು. ಪಕ್ಕದ ಅಮಡೋರ್ ಕೌಂಟಿಯಲ್ಲಿ ಬಿಲ್ ಈಸ್ಟನ್ 1980ರ ದಶಕದಲ್ಲೇ ‘ತೆರ್ ರೂಜ್’ ಹೆಸರಿನಲ್ಲಿ ರೋನ್ ತಳಿಗಳ ಕಡೆ ಹೊರಳಿದರು. ಆಗ ಅದನ್ನು ಕೇಳಿಕೊಂಡು ಬರುವ ಗಿರಾಕಿಗಳೇ ಕಡಿಮೆ. ಅದಕ್ಕೇ ಆ ತಲೆಮಾರಿನವರ ಬಗ್ಗೆ ನನಗೆ ತುಂಬಾ ಗೌರವ.

ಒಳ್ಳೆಯ ಸಸಿಗಳು ಸುಲಭವಾಗಿ ಸಿಗುವಂತಾದದ್ದು ಆಮೇಲೆ. ಇದೇ ರಾಜ್ಯದ ಪಾಸೊ ರೋಬಲ್ಸ್‌ನಲ್ಲಿ ‘ಟಾಬ್ಲಸ್ ಕ್ರೀಕ್’ ಅಂತ ಒಂದು ತೋಟ ಇದೆ. ಶಾತೊನೆಫ್‌ನ ‘ಶಾತೊ ದ ಬೊಕಾಸ್ಟೆಲ್’ ವೈನರಿ ನಡೆಸುವ ಪೆರಾಂ ಕುಟುಂಬ ಮತ್ತು ಅಮೆರಿಕದ ಹಾಸ್ ಕುಟುಂಬ ಸೇರಿ 1989ರಲ್ಲಿ ಆ ಜಮೀನು ಕೊಂಡರು. ಫ್ರಾನ್ಸಿನ ತೋಟದಿಂದಲೇ ಕಡ್ಡಿಗಳನ್ನು ತರಿಸಿದರು. ಅವು ಸರ್ಕಾರಿ ಕ್ವಾರಂಟೈನ್‌ನಲ್ಲಿ ವರ್ಷಗಟ್ಟಲೆ ಇದ್ದು, ರೋಗ ಇಲ್ಲ ಅಂತ ಖಾತ್ರಿಯಾದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಬಂದವು. ತಮಗೆ ಬೇಕಾದಷ್ಟು ಇಟ್ಟುಕೊಂಡು ಸುಮ್ಮನಾಗಲಿಲ್ಲ, ನರ್ಸರಿ ಮಾಡಿ ಬೇರೆ ಬೆಳೆಗಾರರಿಗೂ ಮಾರಿದರು. ಇವತ್ತು ರಾಜ್ಯದ ಎಷ್ಟೋ ರೋನ್ ತೋಟಗಳ ಬೇರು ಅಲ್ಲಿಗೇ ಹೋಗಿ ಮುಟ್ಟುತ್ತದೆ.

ಇನ್ನು ಜಾಗದ ಗುಣ. ಬೇಸಿಗೆಯಲ್ಲಿ ಸ್ಯಾಕ್ರಮೆಂಟೊ ಬಯಲು 40 ಡಿಗ್ರಿ ಮುಟ್ಟುವ ದಿನವೂ 2,500 ಅಡಿ ಮೇಲೆ ಹೋದರೆ ಬಿಸಿಲು ಅಷ್ಟು ಸುಡುವುದಿಲ್ಲ. ಸಂಜೆಯಾದರೆ ಸಿಯೆರಾ ಕಡೆಯಿಂದ ತಣ್ಣನೆ ಗಾಳಿ ಇಳಿಯುತ್ತದೆ. ಹಗಲಿನ ಬಿಸಿಲು ಹಣ್ಣಿಗೆ ಸಕ್ಕರೆ ತುಂಬುತ್ತದೆ, ರಾತ್ರಿಯ ತಂಪು ಹುಳಿಯನ್ನು ಉಳಿಸುತ್ತದೆ. ಮಣ್ಣು ಹೆಚ್ಚಾಗಿ ಗ್ರಾನೈಟ್ ಕರಗಿ ಆದ ಮರಳು ಮಣ್ಣು ಇಲ್ಲವೇ ಜ್ವಾಲಾಮುಖಿಯ ಕೆಂಪು ಮಣ್ಣು. ನೀರು ನಿಲ್ಲುವುದಿಲ್ಲ, ಸಾರವೂ ಕಡಿಮೆ. ಬಳ್ಳಿ ಸೊಕ್ಕಿ ಎಲೆ ಬಿಡುವ ಬದಲು ಸಣ್ಣ ಕಾಯಿ ಕಟ್ಟುತ್ತದೆ. ಕಾಯಿ ಸಣ್ಣದಾದಷ್ಟೂ ರಸಕ್ಕೆ ಸಿಪ್ಪೆಯ ಪಾಲು ಜಾಸ್ತಿ. ಬಣ್ಣ, ಒಗರು ಎರಡೂ ಸಿಪ್ಪೆಯಲ್ಲೇ ಇರೋದು ಅಲ್ವಾ?

ನಂದಿಯ ತೋಟಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಕಾಲದ ಲೆಕ್ಕದಲ್ಲಿದೆ. ನಮ್ಮ ಕಡೆ ಬಳ್ಳಿ ಪೂರ್ತಿ ಮಲಗುವುದೇ ಇಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮಾಡುತ್ತಾರೆ, ಬೇಸಿಗೆಯಲ್ಲಿ ಒಮ್ಮೆ, ಮಳೆ ಹಿಂದಾಗುವ ಹೊತ್ತಿಗೆ ಇನ್ನೊಮ್ಮೆ. ಕೊಯ್ಲು ಬರುವುದು ಬೇಸಿಗೆ ಶುರುವಾಗುವ ಹೊತ್ತಿಗೆ. ಸಿಯೆರಾ ತಪ್ಪಲಿನಲ್ಲಿ ಚಳಿಗಾಲ ಬಳ್ಳಿಯನ್ನು ಮಲಗಿಸಿಬಿಡುತ್ತದೆ. ಕೆಲವು ವರ್ಷ ಸಾಲುಗಳ ಮೇಲೆ ಹಿಮವೂ ಬೀಳುತ್ತದೆ. ಚಾಟ್ನಿ ಒಂದೇ ಸಲ, ಆ ಚಳಿಯಲ್ಲೇ. ಚಿಗುರು ಬರುವ ವಸಂತದಲ್ಲಿ ರಾತ್ರಿಯ ಹಿಮಗಟ್ಟುವ ಚಳಿ ದೊಡ್ಡ ಭಯ. ತಣ್ಣನೆ ಗಾಳಿ ಭಾರ, ಹಳ್ಳಕ್ಕೆ ಇಳಿದು ನಿಲ್ಲುತ್ತದೆ. ಆದ್ದರಿಂದಲೇ ತೋಟಗಳನ್ನು ದಿಣ್ಣೆ, ಇಳಿಜಾರುಗಳ ಮೇಲೆ ಮಾಡಿರೋದು. ಹೋದಾಗ ಗಮನಿಸಿ.

ಈಗ ಮೂರ್ವೆದ್ರ್. ಇದು ಸ್ಪೇನ್ ಮೂಲದ ತಳಿ, ಅಲ್ಲಿ ಮೊನಾಸ್ಟ್ರೆಲ್ ಅನ್ನುತ್ತಾರೆ. ಬಿಗಿಯಾದ ಗೊಂಚಲು, ಸಣ್ಣ ಕಾಯಿ, ದಪ್ಪ ಸಿಪ್ಪೆ. ತಡವಾಗಿ ಚಿಗುರುತ್ತದೆ, ಹಾಗಾಗಿ ವಸಂತದ ಚಳಿಯಿಂದ ಬಹಳ ಸಲ ತಪ್ಪಿಸಿಕೊಳ್ಳುತ್ತದೆ. ಹಣ್ಣಾಗುವುದೂ ತಡ. ವಿಯೊನ್ಯೇ, ಸಿರಾ ಎಲ್ಲ ಕೊಯ್ದು ಮುಗಿದ ಮೇಲೂ ಇದು ಬಳ್ಳಿಯಲ್ಲೇ ಇರುತ್ತದೆ. ಅಕ್ಟೋಬರ್‌ನಲ್ಲಿ ಮೊದಲ ಮಳೆ ಬರುವ ಮೊದಲು ಹಣ್ಣಾಗಬೇಕು. ಎತ್ತರದ ತೋಟಗಳಲ್ಲಿ ಅದು ಪ್ರತಿ ವರ್ಷದ ಆತಂಕ. ಕ್ಯಾಬರ್ನೆ ಹಾಕಿದ್ದರೆ ಮಾರುವುದು ಸುಲಭ ಇತ್ತು. ಆದರೂ ಕೆಲವು ಕುಟುಂಬಗಳು ಇದನ್ನೇ ಹಿಡಿದು ಕೂತಿವೆ.

ಅವರಿಗೆ ಸಿಗುವ ಪ್ರತಿಫಲ ಲೋಟದಲ್ಲಿ ಕಾಣುತ್ತದೆ. ಮೊದಲು ಕಪ್ಪು ಹಣ್ಣಿನ ವಾಸನೆ, ಅದರ ಹಿಂದೆ ತೊಗಲು, ಒಣ ಸೊಪ್ಪು, ಕಾಡಿನ ಮಣ್ಣು. ಗ್ರೆನಾಶ್ ಗಾಳಿ ತಾಕಿದರೆ ಬೇಗ ಬಣ್ಣ ಮತ್ತು ಹೊಸತನ ಕಳೆದುಕೊಳ್ಳುತ್ತದೆ. ಮೂರ್ವೆದ್ರ್ ಇದಕ್ಕೆ ತದ್ವಿರುದ್ಧ, ಗಾಳಿ ಸಾಕಷ್ಟು ಸಿಗದಿದ್ದರೆ ಮುದುಡಿಕೊಳ್ಳುತ್ತದೆ. ಎರಡನ್ನೂ ಬೆರೆಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ದಕ್ಷಿಣ ರೋನ್‌ನವರು ಇವೆರಡನ್ನು ಜೊತೆಗೆ ಹಾಕುವುದರ ಹಿಂದೆ ಇಂಥ ಅನುಭವ ಇದೆ. ಎಷ್ಟು ಪಾಲು ಹಾಕಬೇಕು ಅನ್ನೋದಕ್ಕೆ ಕಾಯಂ ಸೂತ್ರ ಇಲ್ಲ. ಪ್ರತಿ ವರ್ಷ ಪೀಪಾಯಿಗಳಿಂದ ಸ್ವಲ್ಪ ಸ್ವಲ್ಪ ತೆಗೆದು, ಅಳತೆಯ ಗಾಜಿನಲ್ಲಿ ಬೆರೆಸಿ, ಮನೆಮಂದಿಯೆಲ್ಲ ಕೂತು ರುಚಿ ನೋಡಿ ತೀರ್ಮಾನ ಮಾಡುತ್ತಾರೆ.

ನಿಮ್ಮ ಭಾವ ಹೇಳಿದ್ದು ಪ್ಲಾಸರ್‌ವಿಲ್ ಹತ್ತಿರದ ಪ್ಲೆಸೆಂಟ್ ವ್ಯಾಲಿಯ ‘ಹಾಲೀಸ್ ಹಿಲ್’ ಇರಬಹುದು. ರೋನ್ ತಳಿಗಳನ್ನೇ ನಂಬಿ ಒಂದು ದಂಪತಿ ಶುರು ಮಾಡಿದ ತೋಟ ಅದು, ಆಮೇಲೆ ವೈನ್ ಮಾಡುವ ಕೆಲಸವನ್ನು ಮಗಳು ಅಳಿಯ ವಹಿಸಿಕೊಂಡರು. ಅಲ್ಲಿ ‘ಪ್ಯಾಟ್ರಿಯಾರ್ಕ್’ ಅನ್ನುವ ಬೆರಕೆ ಕೇಳಿ, ಮೂರ್ವೆದ್ರ್ ಮುಂದಿರುವ ವೈನ್. ಬೇರೆ ಯಾವ ವೈನರಿಗೆ ಹೋದರೂ ಬರೀ ಮೂರ್ವೆದ್ರ್‌ನ ಬಾಟಲಿ ಇದೆಯಾ ಅಂತ ಮೊದಲೇ ವಿಚಾರಿಸಿ.

ನೀವು ಬರೋದು ಅಕ್ಟೋಬರ್ ಆದ್ದರಿಂದ ಕೆಲಸ ನಡೆಯುವುದನ್ನೇ ಕಣ್ಣಾರೆ ನೋಡಬಹುದು. ಬೆಳಗಿನ ಚಳಿಯಲ್ಲಿ ಕೊಯ್ದ ಗೊಂಚಲು ಕೈಗೆ ಐಸ್‌ನಷ್ಟು ತಣ್ಣಗಿರುತ್ತದೆ. ಎಲೆ, ಕೊಳೆತ ಕಾಯಿ ಆರಿಸುವ ಮೇಜಿನ ಸುತ್ತ ಹಳದಿ ಕಣಜ ಹಾರಾಡುತ್ತಿರುತ್ತವೆ. ಕೆಲವು ವೈನರಿಗಳಲ್ಲಿ ಕಾಯಿ ಬಿಡಿಸದೆ ತೊಟ್ಟಿನ ಸಮೇತ ಇಡೀ ಗೊಂಚಲನ್ನೇ ಹುದುಗಿಸುವ ತೊಟ್ಟಿಗೆ ಹಾಕುತ್ತಾರೆ, ವೈನ್‌ಗೆ ಸ್ವಲ್ಪ ಖಾರದ ವಾಸನೆ, ಸ್ವಲ್ಪ ಬಿಗಿ ಬರಲಿ ಅಂತ. ಹುದುಗು ಶುರುವಾದ ಮೇಲೆ ಗ್ಯಾಸ್ ಎದ್ದು ಸಿಪ್ಪೆಯನ್ನೆಲ್ಲ ಮೇಲಕ್ಕೆ ತಳ್ಳುತ್ತದೆ. ಒಂದು ಮೊಳ ದಪ್ಪದ ಪದರ ಕಟ್ಟುತ್ತದೆ. ಅದನ್ನು ದಿನಕ್ಕೆ ಎರಡು ಮೂರು ಸಲ ಉದ್ದ ಹಿಡಿಯ ಸ್ಟೀಲ್ ತಟ್ಟೆಯಿಂದ ಒತ್ತಿ ರಸದೊಳಗೆ ಮುಳುಗಿಸಬೇಕು. ನಾನು ಮಾಡುವ ಕೆಲಸ ಇದೇ. ಮೊದಲ ಒತ್ತಿಗೆ ಅದು ಜಗ್ಗುವುದೇ ಇಲ್ಲ. ಇಡೀ ಮೈಭಾರ ಹಾಕಿದಾಗ ಒಂದು ಕಡೆ ಬಿರಿಯುತ್ತದೆ, ನೇರಳೆ ನೊರೆ ಬುಸ್ಸನೆ ಮೇಲೆ ಬರುತ್ತದೆ, ಕೆಳಗಿನ ರಸ ಬೆಚ್ಚಗಿರುವುದು ಮುಖಕ್ಕೆ ತಾಕುವ ಹಬೆಯಲ್ಲೇ ಗೊತ್ತಾಗುತ್ತದೆ. ತೊಟ್ಟಿಯೊಳಗೆ ಮಾತ್ರ ತಲೆ ಬಗ್ಗಿಸಬೇಡಿ. ಅಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಉಸಿರು ಕಟ್ಟುತ್ತದೆ.

ಆಮೇಲೆ ಪೀಪಾಯಿ. ಸಾಮಾನ್ಯ ಅಳತೆಯದು 225 ಲೀಟರ್, ಅಂದರೆ ಸುಮಾರು 300 ಬಾಟಲಿ. ಗ್ರೆನಾಶ್, ಮೂರ್ವೆದ್ರ್ ಮಾಡುವವರು ಬಹಳಷ್ಟು ಮಂದಿ ಹಳೆಯ ಪೀಪಾಯಿಗಳನ್ನೇ ಇಷ್ಟಪಡುತ್ತಾರೆ. ಹೊಸ ಮರದ ವೆನಿಲಾ ವಾಸನೆ ಹಣ್ಣನ್ನು ಮುಚ್ಚಿಹಾಕುತ್ತದೆ ಅನ್ನುವುದು ಅವರ ಅಭಿಪ್ರಾಯ. ನನ್ನದೂ ಅದೇ.

ಒಂದು ವಿಷಯ ತಿಳಿದುಕೊಂಡು ಹೋಗಿ. 2021ರ ಆಗಸ್ಟ್ 14ರಂದು ಈ ತೋಟಗಳ ದಕ್ಷಿಣದ ಕಾಡಿನಲ್ಲಿ ಕಾಲ್ಡರ್ ಬೆಂಕಿ ಶುರುವಾಯಿತು. 2 ಲಕ್ಷ 20 ಸಾವಿರ ಎಕರೆಗೂ ಹೆಚ್ಚು ಸುಟ್ಟಿತು. ಗ್ರಿಜ್ಲಿ ಫ್ಲಾಟ್ಸ್ ಅನ್ನುವ ಊರಿನ ಬಹುಪಾಲು ಮನೆಗಳು ಹೋದವು. ಬೆಂಕಿ ತಾಕದ ತೋಟಗಳ ಮೇಲೂ ವಾರಗಟ್ಟಲೆ ಹೊಗೆ ಕೂತಿತ್ತು, ಅದೂ ಹಣ್ಣು ಬಣ್ಣ ತಿರುಗಿ ಮಾಗುವ ಹೊತ್ತಲ್ಲಿ. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಸಿಪ್ಪೆಯೊಳಗೆ ಸೇರಿ ಸಕ್ಕರೆ ಜೊತೆ ಅಂಟಿಕೊಳ್ಳುತ್ತವೆ. ಹಣ್ಣು ತಿಂದರೆ ಏನೂ ಗೊತ್ತಾಗದೇ ಇರಬಹುದು. ಹುದುಗು ಬಂದಾಗ, ಎಷ್ಟೋ ಸಲ ವೈನ್ ಬಾಯಿಗೆ ಹಾಕಿಕೊಂಡಾಗ, ಆ ಅಂಟು ಬಿಟ್ಟು ಬೂದಿಯ ರುಚಿ ಹೊರಬರುತ್ತದೆ. ಕೆಂಪು ವೈನ್ ಸಿಪ್ಪೆ ಜೊತೆಗೇ ಹುದುಗುವುದರಿಂದ ಅದಕ್ಕೇ ಪೆಟ್ಟು ಜಾಸ್ತಿ. ತೊಳೆದರೂ ಹೋಗುವಂಥದ್ದಲ್ಲ. ಆ ವರ್ಷ ಈ ಭಾಗದಲ್ಲಿ ಎಷ್ಟೋ ಹಣ್ಣು ಬಳ್ಳಿಯಲ್ಲೇ ಉಳಿಯಿತು. ಒಂದು ಕುಟುಂಬಕ್ಕೆ ಇಡೀ ವರ್ಷದ ದುಡಿಮೆ ಅದು. ಅಲ್ಲಿ 2021ರ ಕೆಂಪು ವೈನ್ ಯಾಕೆ ಕಾಣುವುದಿಲ್ಲ ಅಂತ ಕೇಳುವ ಮುಂಚೆ ಇದು ನೆನಪಿರಲಿ.

ಹೋಗೋದು ಸುಲಭ. ಫೋಲ್ಸಮ್‌ನಿಂದ ಹೈವೇ 50 ಹಿಡಿದರೆ ಪ್ಲಾಸರ್‌ವಿಲ್‌ಗೆ ಅರ್ಧ ಗಂಟೆಯ ಆಸುಪಾಸು, ಅಲ್ಲಿಂದ ಒಳರಸ್ತೆ. ಅಕ್ಟೋಬರ್‌ನ ಶನಿವಾರ ಭಾನುವಾರ ಪಕ್ಕದ ಸೇಬು ತೋಟಗಳ ಪ್ರದೇಶ ಆಪಲ್ ಹಿಲ್‌ಗೆ ಜನ ಮುಗಿಬೀಳುತ್ತಾರೆ, ಆದ್ದರಿಂದ ವಾರದ ದಿನ ಹೋಗಿ, ವೈನರಿ ತೆರೆದಿರುತ್ತಾ ಅಂತ ಮೊದಲೇ ನೋಡಿಕೊಳ್ಳಿ. ಎರಡು ಜಾಗ ಸಾಕು. ಈ ವೈನ್‌ಗಳಲ್ಲಿ ಆಲ್ಕೊಹಾಲ್ ಬಹಳ ಸಲ 14ರಿಂದ 15 ಪರ್ಸೆಂಟ್ ಇರುತ್ತದೆ. ಗಾಡಿ ಓಡಿಸುವವರು ಕುಡಿಯಲೇ ಬಾರದು. ಉಳಿದವರು ರುಚಿ ನೋಡಿ ಉಗುಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ಅದಕ್ಕೇ ಅಲ್ಲಿ ಪಾತ್ರೆ ಇಟ್ಟಿರುತ್ತಾರೆ.

ಊಟದ ಜೊತೆ ಹೇಗೆ ಅಂತಲೂ ಹೇಳುತ್ತೇನೆ, ಅಕ್ಕನ ಮನೆಯಲ್ಲಿ ಹೇಗೂ ನಮ್ಮ ಅಡುಗೆ ಇರುತ್ತೆ ಅಲ್ವಾ. ಆಲ್ಕೊಹಾಲ್ ಜಾಸ್ತಿ ಇದ್ದರೆ ಮೆಣಸಿನಕಾಯಿಯ ಉರಿ ಇನ್ನೂ ಏರುತ್ತದೆ. ಹಾಗಾಗಿ ಖಾರದ ಸಾರಿಗೆ ದಪ್ಪ ಸಿರಾ ಬೇಡ, ತಣ್ಣಗೆ ಮಾಡಿದ ಗ್ರೆನಾಶ್ ರೋಸೇ (ತಿಳಿ ಗುಲಾಬಿ ಬಣ್ಣದ ವೈನ್) ಇರಲಿ. ತೆಂಗಿನಹಾಲಿನ ಸಾಗುಗೆ ರೂಸಾನ್. ಮೂರ್ವೆದ್ರ್‌ಗೆ ನನ್ನ ಆಯ್ಕೆ ಬದನೆಕಾಯಿ ಎಣ್ಣೆಗಾಯಿ ಇಲ್ಲವೇ ಹುರುಳಿಕಾಳಿನ ಬಸ್ಸಾರು, ಎರಡಕ್ಕೂ ಖಾರ ಸ್ವಲ್ಪ ಹಿಡಿದು ಹಾಕಿ. ಮಾಂಸ ತಿನ್ನುವವರಾದರೆ ಮಟನ್ ಚಾಪ್ಸ್‌ಗೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ.

ಬೆಂಗಳೂರಿಗೆ ವಾಪಸ್ ಹೋಗುವಾಗ ಒಬ್ಬರಿಗೆ 2 ಲೀಟರ್‌ವರೆಗೆ ಸುಂಕ ಇಲ್ಲದೆ ಒಯ್ಯಬಹುದು, ಅಂದರೆ ಎರಡು ಬಾಟಲಿ. ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಸೂಟ್‌ಕೇಸಿನ ನಡುವೆ ಇಡಿ. ಒಂದು ರೂಸಾನ್, ಒಂದು ಮೂರ್ವೆದ್ರ್ ತಗೊಳ್ಳಿ. ಮೂರ್ವೆದ್ರ್ ಕುಡಿಯುವ ದಿನ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ, ಊಟಕ್ಕೆ ಒಂದು ಗಂಟೆ ಮುಂಚೆ ಅಗಲ ಬಾಯಿಯ ಗಾಜಿನ ಜಗ್‌ಗೆ ಬಗ್ಗಿಸಿಡಿ. ಈ ದ್ರಾಕ್ಷಿಗೆ ಗಾಳಿ ಬೇಕು.