ಲಿಬಿಯಾ 2011: ದಂಗೆ ಯಾರದು, ಯುದ್ಧ ಯಾರದು?

ಓದುಗರ ಪತ್ರ: ‘ಲಿಬಿಯಾದಲ್ಲಿ ನಡೆದದ್ದನ್ನು ಜನರ ದಂಗೆ ಎಂದು ಬರೆದಿದ್ದೀರಿ. ಅದು ತೈಲಕ್ಕಾಗಿ ಪಾಶ್ಚಾತ್ಯರು ಹೂಡಿದ ಆಟ. ಭಾರತ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮತದಾನದಿಂದ ದೂರ ಉಳಿದದ್ದೇ ಸರಿ.’

ಸಂಪಾದಕರ ಉತ್ತರ: ನಿಮ್ಮ ಸಂಶಯ ನ್ಯಾಯವಾದದ್ದೇ. ಆದರೆ ನೆರವಿಗೆ ಬಂದವರ ಮೇಲಿನ ಸಂಶಯವನ್ನು ಬೀದಿಗಿಳಿದವರ ಮೇಲೆ ಹೊರಿಸುವುದನ್ನು ನಾವು ಒಪ್ಪುವುದಿಲ್ಲ. ನಾಲ್ಕು ದಶಕ ಲಿಬಿಯಾವನ್ನು ಆಳಿದ ಸರ್ವಾಧಿಕಾರಿ ಗಡಾಫಿಯ ಕಾಲದಲ್ಲಿ, 1996ರಲ್ಲಿ, ರಾಜಧಾನಿ ಟ್ರಿಪೊಲಿಯ ಅಬು ಸಲೀಂ ಜೈಲಿನಲ್ಲಿ ಸುಮಾರು 1,200 ಕೈದಿಗಳ ಹತ್ಯೆಯಾಯಿತೆಂದು ಮಾನವ ಹಕ್ಕು ಸಂಸ್ಥೆಗಳ ಅಂದಾಜು. ಎಷ್ಟೋ ಮನೆಯವರಿಗೆ ಸಾವಿನ ಸುದ್ದಿಯೇ ವರ್ಷಗಟ್ಟಲೆ ಮುಟ್ಟಲಿಲ್ಲ. ಆ ಕುಟುಂಬಗಳ ವಕೀಲರನ್ನು 2011ರ ಫೆಬ್ರುವರಿ 15ರಂದು ಹಿಡಿದೊಯ್ದಾಗ ಪೂರ್ವ ಲಿಬಿಯಾದ ಬೆಂಗಾಜಿ ನಗರ ಸಿಡಿದೆದ್ದಿತು. ಈ ಸಿಟ್ಟನ್ನು ಪ್ಯಾರಿಸ್‌ನಲ್ಲಾಗಲೀ ಲಂಡನ್‌ನಲ್ಲಾಗಲೀ ಯಾರೂ ತಯಾರಿಸಲಿಲ್ಲ.

ತೈಲವೊಂದೇ ಕಾರಣವೆಂದರೂ ಲೆಕ್ಕ ಕೂಡುವುದಿಲ್ಲ. ಇಟಲಿಯ ಎನಿ, ಫ್ರಾನ್ಸಿನ ಟೋಟಲ್ ಕಂಪನಿಗಳು ಗಡಾಫಿಯ ಕಾಲದಲ್ಲೇ ಅಲ್ಲಿ ತೈಲ ತೆಗೆಯುತ್ತಿದ್ದವು. 2007ರಲ್ಲಿ ಪ್ಯಾರಿಸ್ ಅವನನ್ನು ರಾಜಮರ್ಯಾದೆಯಿಂದ ಬರಮಾಡಿಕೊಂಡಿತ್ತು.

ಉದ್ದೇಶವನ್ನು ಅಳೆಯಬೇಕಾದರೆ ಕೊಟ್ಟ ಅನುಮತಿ ಮತ್ತು ಮಾಡಿದ ಕೆಲಸ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಾರ್ಚ್ 17ರ ಭದ್ರತಾ ಮಂಡಳಿಯ 1973 ಸಂಖ್ಯೆಯ ನಿರ್ಣಯಕ್ಕೆ 10 ಮತಗಳು ಬಿದ್ದವು; ಭಾರತ, ಬ್ರೆಜಿಲ್, ಚೀನಾ, ಜರ್ಮನಿ, ರಷ್ಯಾ ದೂರ ಉಳಿದವು. ನಾಗರಿಕರನ್ನು ಕಾಪಾಡಲು ‘ಅಗತ್ಯವಾದ ಎಲ್ಲ ಕ್ರಮ’ ಕೈಗೊಳ್ಳಬಹುದು, ಆದರೆ ನೆಲವನ್ನು ವಶಪಡಿಸಿಕೊಂಡು ಕೂರುವ ಯಾವುದೇ ರೂಪದ ವಿದೇಶಿ ಪಡೆ ಕೂಡದು ಎಂದು ಅದರ 4ನೇ ಪ್ಯಾರಾ ಹೇಳುತ್ತದೆ. ಸರ್ಕಾರ ಉರುಳಿಸುವ ಮಾತು ಅಲ್ಲಿಲ್ಲ. ಒಂದು ತಿಂಗಳೊಳಗೆ ಅಮೆರಿಕ, ಬ್ರಿಟನ್, ಫ್ರಾನ್ಸಿನ ಆಗಿನ ನಾಯಕರಾದ ಒಬಾಮಾ, ಕ್ಯಾಮರಾನ್, ಸರ್ಕೋಜಿ ಮೂವರೂ ಸೇರಿ ಲೇಖನ ಬರೆದು, ಗಡಾಫಿ ಹೋಗಲೇಬೇಕು ಎಂದರು. ಶಸ್ತ್ರಾಸ್ತ್ರ ನಿರ್ಬಂಧ ಜಾರಿಯಲ್ಲಿದ್ದಾಗಲೇ ನಫೂಸಾ ಬೆಟ್ಟಸಾಲಿನಲ್ಲಿ ಬಂಡುಕೋರರಿಗೆ ವಿಮಾನದಿಂದ ಆಯುಧ ಇಳಿಸಿದ್ದನ್ನು ಫ್ರಾನ್ಸ್ ಜೂನ್‌ನಲ್ಲಿ ಒಪ್ಪಿಕೊಂಡಿತು. ತನ್ನ ನೂರಾರು ಸೈನಿಕರು ನೆಲದ ಮೇಲಿದ್ದರೆಂದು ಕತಾರ್ ಅಕ್ಟೋಬರ್‌ನಲ್ಲಿ ಹೇಳಿತು. ರಕ್ಷಣೆಯ ಅನುಮತಿ ಪಡೆದು ಪದಚ್ಯುತಿಯ ಯುದ್ಧ ಮಾಡಿದರು. ನಮ್ಮ ದೂರು ಇದು.

ಇನ್ನೂ ಕಟುವಾದ ಸಾಕ್ಷಿ ಬಹರೇನ್. ನಿರ್ಣಯಕ್ಕೆ ಮೂರೇ ದಿನ ಮೊದಲು, ಮಾರ್ಚ್ 14ರಂದು, ಸೌದಿ ಪಡೆಗಳು ಸಮುದ್ರ ಸೇತುವೆ ದಾಟಿ ಅಲ್ಲಿನ ದೊರೆಯ ಬೆಂಬಲಕ್ಕೆ ಬಂದವು. ಪ್ರತಿಭಟನಕಾರರು ನೆಲೆಯೂರಿದ್ದ ಪರ್ಲ್ ವೃತ್ತವನ್ನು ತೆರವು ಮಾಡಿ, ಅಲ್ಲಿನ ಸ್ಮಾರಕವನ್ನೇ ಕೆಡವಲಾಯಿತು. ಬಹರೇನ್‌ನಲ್ಲಿರುವುದು ಅಮೆರಿಕದ ಐದನೇ ನೌಕಾಪಡೆಯ ನೆಲೆ. ಅಲ್ಲಿನ ಜನರಿಗಾಗಿ ಯಾವ ನಿರ್ಣಯವೂ ಬರಲಿಲ್ಲ. ಬಹರೇನ್‌ಗೆ ಪೊಲೀಸರನ್ನು ಕಳಿಸಿದ ಯುಎಇ, ಲಿಬಿಯಾದ ಜನರ ಹೆಸರಿನಲ್ಲಿ ಅತ್ತ ಯುದ್ಧವಿಮಾನಗಳನ್ನೂ ಕಳಿಸಿತು.

ಬಂದವರು ಹೊರಟ ರೀತಿಯನ್ನೂ ನೋಡಿ. ಗಡಾಫಿ ಸತ್ತದ್ದು ಅಕ್ಟೋಬರ್ 20ಕ್ಕೆ. 31ಕ್ಕೆ ಪಾಶ್ಚಾತ್ಯ ದೇಶಗಳ ಸೇನಾ ಒಕ್ಕೂಟ ನ್ಯಾಟೋ ತನ್ನ ಕಾರ್ಯಾಚರಣೆ ಮುಗಿಸಿತು. ಸಶಸ್ತ್ರ ಗುಂಪುಗಳ ಕೈಯಲ್ಲಿ ಉಳಿದ ಬಂದೂಕುಗಳನ್ನು ಹಿಂಪಡೆಯುವ ಹೊಣೆಯನ್ನು ಯಾರೂ ಹೊರಲಿಲ್ಲ. ಲಿಬಿಯಾದಿಂದ ಹೊರಬಿದ್ದ ಆಯುಧಗಳು ಪಶ್ಚಿಮ ಆಫ್ರಿಕಾದ ಮಾಲಿ ದೇಶದ 2012ರ ಬಂಡಾಯಕ್ಕೆ ಬಲ ಕೊಟ್ಟವು.

ಭಾರತದ ವಿಚಾರ. ವಿಶ್ವಸಂಸ್ಥೆಯ ದೂತರ ವರದಿಯೇ ಕೈಸೇರಿಲ್ಲ, ನಿಖರ ಮಾಹಿತಿ ಇಲ್ಲ ಎಂಬ ನಮ್ಮ ಆಕ್ಷೇಪಕ್ಕೆ ತೂಕವಿತ್ತು. ನಾಗರಿಕರಿಗಿದ್ದ ಅಪಾಯವನ್ನು ಹೆಚ್ಚಿಸಿ ಹೇಳಲಾಗಿತ್ತೆಂದು 2016ರಲ್ಲಿ ಬ್ರಿಟನ್ ಸಂಸತ್ತಿನ ಸಮಿತಿಯೇ ಬರೆಯಿತು. ಆದರೂ ಮಾರ್ಚ್ 19ರ ಬೆಳಿಗ್ಗೆ ಗಡಾಫಿಯ ಟ್ಯಾಂಕುಗಳು ಬೆಂಗಾಜಿಯ ಅಂಚಿಗೆ ಬಂದಿದ್ದವು. ಕದನವಿರಾಮ, ನಿರ್ಬಂಧಗಳ ಮಾತು ಬಿಟ್ಟರೆ ಅವನ್ನು ತಡೆಯಲು ಬೇರೆ ದಾರಿ ಯಾವುದೆಂದು ದೂರ ಉಳಿದ ಐವರಲ್ಲಿ ಯಾರೂ ಹೇಳಲಿಲ್ಲ. ಆದ್ದರಿಂದ ದೂರ ಉಳಿದದ್ದೇ ಸರಿ ಎಂಬ ನಿಮ್ಮ ತೀರ್ಪನ್ನು ನಾವು ಪೂರ್ತಿ ಒಪ್ಪಲಾರೆವು.