ಮುಡಿ: ತಲೆಯದ್ದೋ, ಅಟ್ಟದ್ದೋ?

ಹಳೆಯ ಗೇಣಿಚೀಟಿಯಲ್ಲಿ ‘ಅಕ್ಕಿ ಮುಡಿ 12’ ಅಂತ ನೋಡಿ, ಮುಡಿ ಅಂದರೆ ತುರುಬಲ್ಲವಾ ಅಂತ ಕೇಳಿದ್ದೀರಿ. ಅದೂ ಹೌದು ಮಾರಾಯ್ರೆ. ನಮ್ಮ ಕಾಸರಗೋಡಿನಲ್ಲಿ ನೆರೆಮನೆಯ ಮಲಯಾಳದವರಿಗೆ ಮುಡಿ ಅಂದರೆ ತಲೆಕೂದಲು, ದೈವದ ವೇಷ ಕಟ್ಟಿ ಕುಣಿಯುವ ತೆಯ್ಯದ ಕಿರೀಟವೂ ಮುಡಿಯೇ. ಅದೇ ಮುಡಿ ಅಟ್ಟದಲ್ಲಿದ್ದರೆ ಮಾತ್ರ ಅಕ್ಕಿ.

ಬೈಹುಲ್ಲು ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲನ್ನು ಸುತ್ತಲಿಂದ ಮೇಲಕ್ಕೆ ಮಡಚಿ, ಹುಲ್ಲಿನದ್ದೇ ಹಗ್ಗದಿಂದ ಬಿಗಿದ ದುಂಡನೆಯ ಗಂಟು. ಪಾತ್ರೆಯೂ ಅದೇ, ಅಳತೆಯೂ ಅದೇ. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ, ಅಂದರೆ 42 ಸೇರು. ಈಗಿನ ಲೆಕ್ಕಕ್ಕೆ ಸುಮಾರು 40 ಕಿಲೋ, ಒಂದಾಳಿನ ತಲೆಹೊರೆ. ಒಲೆಯ ಹೊಗೆ ತಾಗುವ ಅಟ್ಟದಲ್ಲಿಟ್ಟರೆ ಮಳೆಗಾಲವಿಡೀ ಹುಳದ ಹೆದರಿಕೆ ಇಲ್ಲ.

ಕಟ್ಟುವುದು ಸುಲಭ ಅಂದುಕೊಳ್ಳಬೇಡಿ. ಮರದ ಕೊಡತಿಯಲ್ಲಿ ಬಡಿದು ಬಡಿದು ಬಿಗಿ ಮಾಡಬೇಕು. ಅಜ್ಜ ಕಟ್ಟಿದ ಮುಡಿಗೆ ಗೆಣ್ಣಿನಿಂದ ಕುಟ್ಟಿದರೆ ಮರಕ್ಕೆ ಕುಟ್ಟಿದ ಹಾಗೆ ಟಕ್ ಅನ್ನುತ್ತಿತ್ತು. ನಾನು ಒಮ್ಮೆ ಕಟ್ಟಿದ್ದು ಮಗ್ಗುಲು ಬಿರಿದು, ಅಂಗಳದ ಕೋಳಿಗಳಿಗೆ ಹಬ್ಬವಾಯಿತು.

ಗದ್ದೆಗೂ ಇದೇ ಅಳತೆ. ‘ಅವರದ್ದು ಆರು ಮುಡಿ ಗದ್ದೆ’ ಅಂದರೆ ಆರು ಮುಡಿ ಬೀಜ ಹಿಡಿಯುವ ಗದ್ದೆ. ಎಕರೆ, ಸೆಂಟ್ಸ್ ಎಲ್ಲ ಆಧಾರ, ಅಂದರೆ ಜಾಗದ ಪತ್ರ, ಬರೆಯುವವರ ಭಾಷೆ.

ವೇಷವಿಲ್ಲದೆ ಕೂತು ಮಾತಿನಲ್ಲೇ ಯಕ್ಷಗಾನ ನಡೆಸುವ ತಾಳಮದ್ದಳೆಗಳಲ್ಲಿ ಈ ಪದಕ್ಕೆ ಬಿಡುವೇ ಇಲ್ಲ. ದ್ರೌಪದಿ ಬಿಚ್ಚಿದ ಮುಡಿಯ ಪ್ರಸಂಗ ಬಂತೆಂದರೆ ನಮ್ಮೂರಿನ ಅರ್ಥಧಾರಿಗಳೊಬ್ಬರು ಕೌರವನ ಬಾಯಲ್ಲಿ ಹೇಳಿಸುತ್ತಿದ್ದರು: “ಹದಿಮೂರು ವರ್ಷ ಮುಡಿ ಬಿಚ್ಚಿಟ್ಟರೆ ಹುಳ ಹಿಡಿಯದೆ ಇದ್ದೀತಾ?” ಸಭೆ ನಗುತ್ತಿತ್ತು. ಬಯಲುಸೀಮೆಯಿಂದ ಬಂದ ನೆಂಟರು ಮಾತ್ರ ನಮ್ಮ ಮುಖ ನೋಡುತ್ತಿದ್ದರು.

1956ರ ನವೆಂಬರ್ 1ಕ್ಕೆ ನಮ್ಮೂರು ಕೇರಳ ಸೇರಿತು. ಅದೇ ವರ್ಷದ ಕೊನೆಗೆ ಕಿಲೋ, ಲೀಟರುಗಳ ಕಾಯಿದೆ ಬಂದು ಸೇರು ಹೊರಟಿತು. 1970ರ ಜನವರಿ 1ರಿಂದ ಗೇಣಿಯೂ ರದ್ದು. ಈಗ ಮುಡಿ ಕಾಣಬೇಕಾದರೆ ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಊರವರು ಅಕ್ಕಿ, ತರಕಾರಿ ಒಪ್ಪಿಸುವ ಹೊರೆಕಾಣಿಕೆಗೆ ಬನ್ನಿ, ಹೂಮಾಲೆ ಹಾಕಿಕೊಂಡು ಮೆರವಣಿಗೆಯಲ್ಲಿ ಬರುತ್ತದೆ. ಒಳಗೆ ಎಷ್ಟು ಸೇರು ಅಂತ ಯಾರೂ ಕೇಳುವುದಿಲ್ಲ.

ನಿಮ್ಮ ಚೀಟಿಯ 12 ಮುಡಿ ಅಂದರೆ 504 ಸೇರು. ಬರೆದಿರುವುದು ಭತ್ತ ಅಂತ ಅಲ್ಲ, ಅಕ್ಕಿ ಅಂತ. ಭತ್ತ ಬೇಯಿಸಿ, ಒಣಗಿಸಿ, ಕುಟ್ಟಿ, ಮುಡಿ ಕಟ್ಟಿ ಜಾಗದ ಧಣಿಗಳ ಅಂಗಳದಲ್ಲಿ ಇಳಿಸುವವರೆಗಿನ ಕೆಲಸವೆಲ್ಲ ಒಕ್ಕಲಿನ ಮನೆಯವರದ್ದು. ಅದರ ಕೂಲಿ ಆ ಚೀಟಿಯಲ್ಲಿ ಇರುವುದಿಲ್ಲ.